ಮೂರನೇ ರ್ಯಾಕ್ ಸೇರಿಸಿದ ಮೇಲೆ ಬಿ ಫೀಡ್ ಟ್ರಿಪ್, ಮೇಲಿನ ನೋಡ್ ಬಿಸಿ, ಓಎಸ್‌ಡಿ ಅಪ್-ಡೌನ್

ಗೋಕುಲರೋಡ್_ರ್ಯಾಕ್

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಗೋಕುಲ ರಸ್ತೆ ಆಫೀಸಿನ ಪ್ರೈವೇಟ್ ಕ್ಲೌಡ್. ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷಿನ್ ನಡೆಸೋ ಸಾಫ್ಟ್‌ವೇರ್) ಮೇಲೆ ಸೆಫ್ (ಹಲವು ಸರ್ವರಿನ ಡಿಸ್ಕ್ ಕೂಡಿಸಿ ಒಂದು ಮಾಡೋ ಸ್ಟೋರೇಜ್), ರೆಪ್ಲಿಕಾ 3, ಅಂದ್ರ ಡೇಟಾದ ಮೂರು ಪ್ರತಿ. ಹಳೇ ರ್ಯಾಕ್ ಎರಡು, ಒಂದೊಂದರಾಗ 2ಯು ನೋಡ್ (ಸರ್ವರ್) ಮೂರು; ಯು ಅಂದ್ರ ರ್ಯಾಕಿನ ಎತ್ತರದ ಅಳತೆ. ಈಗ ಮೂರನೇ 42ಯು ರ್ಯಾಕ್ ಬಂದದ, ಅದರಾಗ ಅಂಥಾವೇ 8 ನೋಡ್ ಕೂತಾವ. ಲೋಡ್ ಇದ್ದಾಗ ನೋಡಿಗೆ 700 ವ್ಯಾಟ್, ಪ್ರತಿ ರ್ಯಾಕಿನ ಎರಡು ಸ್ವಿಚ್ ಸೇರಿ 400 ವ್ಯಾಟ್. ನೋಡಿಗೆ 3.84 ಟಿಬಿಯ ಎಸ್‌ಎಸ್‌ಡಿ ಆರು. 20 ಕೆವಿಎ ಯುಪಿಎಸ್ ಎರಡು, ಒಳಗ ತ್ರೀ ಫೇಸ್, ಹೊರಗ ಸಿಂಗಲ್ ಫೇಸ್. ಎಲ್ಲಾ ರ್ಯಾಕಿಗೂ ಎ, ಬಿ ಅಂತ ಎರಡು ಫೀಡ್ (ಕರೆಂಟ್ ಲೈನ್), ಒಂದೊಂದಕ್ಕ ಒಂದು ಪಿಡಿಯು (ರ್ಯಾಕಿನ ಪ್ಲಗ್ ಪಟ್ಟಿ), ಎಲ್ಲಾ 16 ಆಂಪ್. 2 ಟನ್ ಸ್ಪ್ಲಿಟ್ ಎಸಿ ಮೂರು.

ತೊಂದರೆ ಹಿಂಗದ: ಹೊಸ ರ್ಯಾಕಿನ ಎರಡೂ ಪಿಡಿಯು 13 ಆಂಪ್ ತೋರಸ್ತಾವ. ಎ ಫೀಡ್ ಅರ್ಧ ನಿಮಿಷ ಬಂದ್ ಮಾಡಿದ್ರ ಏನೂ ಆಗಲಿಲ್ಲ. ಆಮೇಲೆ ಯುಪಿಎಸ್ ಸರ್ವಿಸಿಗೆ ಎ ಇಳಿಸಿದಾಗ ನಾಲ್ಕೈದು ನಿಮಿಷಕ್ಕ ಬಿ ಎಂಸಿಬಿ ಬಿದ್ದು ಪೂರ್ತಿ ರ್ಯಾಕ್ ಆಫ್. ಕೆಳಗಿನ ನೋಡಿನ ಇನ್‌ಲೆಟ್ (ಒಳಗ ಹೋಗೋ ಗಾಳಿ) 23 ಡಿಗ್ರಿ, ಮೇಲಿನದ್ದು 33. ಹೊಸ ಓಎಸ್‌ಡಿಗಳು (ಒಂದೊಂದು ಡಿಸ್ಕ್ ನೋಡಿಕೊಳ್ಳೋ ಸೆಫ್ ಪ್ರೋಗ್ರಾಂ) ಆಗಾಗ ಡೌನ್ ಆಗಿ ತಾವೇ ಅಪ್ ಆಗ್ತಾವ. ಫೇಲ್ಯೂರ್ ಡೊಮೇನ್ (ಒಂದರಾಗ ಒಂದೇ ಪ್ರತಿ ಇಡೋ ಘಟಕ) ರ್ಯಾಕ್ ಅಂತ ಬದಲಿಸಿದ ಮೇಲೆ 107 ಟಿಬಿ ಸಿಗಬೇಕಿತ್ತು, 69ರ ಲೆಕ್ಕಾನ ಬರ್ತದ.

ತಾರಿಹಾಳ_ಪವರ್

ಪವರಿನ ಲೆಕ್ಕ ಮೊದಲು. 8 ನೋಡಿಗೆ 5.6 ಕಿಲೋವ್ಯಾಟ್, ಸ್ವಿಚ್ ಸೇರಿ 6. 230 ವೋಲ್ಟಿಗೆ 26 ಆಂಪ್. ಎರಡೂ ಫೀಡ್ ಇದ್ದಾಗ 13-13 ಹಂಚಿಕೊಂಡಾವ, ಒಂದು ಹೋದ್ರ ಪೂರಾ 26 ಇನ್ನೊಂದರ ಮೇಲೆ. 16 ಆಂಪ್ ಎಂಸಿಬಿಗೆ ಅದು 1.6 ಪಟ್ಟು. ಇಷ್ಟು ಓವರ್‌ಲೋಡಿಗೆ ಎಂಸಿಬಿ ಕೂಡಲೇ ಬೀಳಂಗಿಲ್ಲ, ಒಳಗಿನ ದ್ವಿಲೋಹ ಪಟ್ಟಿ ಕಾದು ಬಾಗಬೇಕು, ಅದಕ್ಕ ನಿಮಿಷಗಳು ಬೇಕು. ನಿಮ್ಮ ಅರ್ಧ ನಿಮಿಷದ ಟೆಸ್ಟ್ ಪಾಸಾಗಿದ್ದು ಅದಕ್ಕ. ಹಳೇ ರ್ಯಾಕಿನಾಗ ಒಟ್ಟು 2.5 ಕಿಲೋವ್ಯಾಟ್, ಅಂದ್ರ 11 ಆಂಪ್, ಅಲ್ಲಿ ಈ ಪ್ರಶ್ನೇನ ಬರಲಿಲ್ಲ.

ಎರಡು ಫೀಡ್ ಇರೋ ಕಡೆ ಪಿಡಿಯು ಮೀಟರ್ ನೋಡಬ್ಯಾಡ್ರಿ, ಎ ಮತ್ತು ಬಿ ಕೂಡಿಸಿದ ಮೊತ್ತ ನೋಡ್ರಿ. ಆ ಮೊತ್ತ ಒಂದೇ ಫೀಡಿನ ಶೇ. 80ರೊಳಗ ಇರಬೇಕು. 32 ಆಂಪ್ ಫೀಡ್ ಹಾಕಿದ್ರೂ ಶೇ. 80 ಅಂದ್ರ 25.6, ನಿಮ್ಮದು 26. ಹಂಗಾಗಿ ಬರೇ ದೊಡ್ಡ ಎಂಸಿಬಿ ಪರಿಹಾರ ಅಲ್ಲ. ಹಳೇ ಕೇಬಲ್ ಹಂಗೇ ಬಿಟ್ಟು ಎಂಸಿಬಿ ಅಷ್ಟೇ 32ಕ್ಕ ಏರಿಸೋದಂತೂ ಮಾಡಲೇಬ್ಯಾಡ್ರಿ, ಕೇಬಲ್ ಸುಡ್ತದ.

ಸಪ್ತಾಪುರ_ಸೆಫ್

107 ಸಿಗದ ಕಾರಣಾನೂ ಎಂಟೂ ನೋಡ್ ಒಂದೇ ರ್ಯಾಕಿನಾಗ ಇರೋದೇ. ರೆಪ್ಲಿಕಾ 3, ರ್ಯಾಕ್ ಮೂರೇ, ಡೊಮೇನ್ ರ್ಯಾಕ್. ಅಂದ್ರ ಪ್ರತಿ ರ್ಯಾಕಿನಾಗೂ ಎಲ್ಲಾ ಡೇಟಾದ ಒಂದೊಂದು ಪ್ರತಿ ಇರಲೇಬೇಕು. ಎಲ್ಲಕ್ಕೂ ಸಣ್ಣ ರ್ಯಾಕ್ ತುಂಬಿತು ಅಂದ್ರ ಪೂಲ್ ತುಂಬಿತು. ಹಳೇ ರ್ಯಾಕಿನಾಗ ನೋಡಿಗೆ 23.04ರಂಗ ಮೂರು, 69 ಟಿಬಿ. ಹೊಸದರಾಗಿನ 184ರಾಗ 115 ಸುಮ್ಮನ ಬಿದ್ದದ.

8ರಾಗ 4 ನೋಡ್ ತೆಗೆದು ಹಳೇ ರ್ಯಾಕಿಗೆ ಎರಡೆರಡು ಕೊಡ್ರಿ. 5, 5, 4 ಆಗ್ತದ, ಮಿತಿ 92 ಟಿಬಿಗೆ ಏರ್ತದ. ಮುಂದೆ ಇನ್ನೊಂದು ನೋಡ್ ತಗೊಂಡ್ರ 115. ಶೇ. 85ಕ್ಕ ನಿಯರ್‌ಫುಲ್ ಎಚ್ಚರಿಕೆ ಬರ್ತದ, ಅದರ ಮ್ಯಾಲಿನ ಜಾಗ ನಿಮ್ಮದಲ್ಲ ಅಂತ ತಿಳೀರಿ.

ತಾರಿಹಾಳ_ಪವರ್

ಸೆಫ್ ಅಣ್ಣಾರ ಹೇಳಿದ್ದು ಪವರಿಗೂ ಒಪ್ತದ. ಐದು ನೋಡಿನ ರ್ಯಾಕ್ 17 ಆಂಪ್, ನಾಲ್ಕರದ್ದು 14. ಮೂರೂ ರ್ಯಾಕಿಗೆ 32 ಆಂಪ್ ಸಿಂಗಲ್ ಫೇಸ್ ಫೀಡ್ ಎರಡೆರಡು, ಒಟ್ಟು ಆರು. 6 ಚದರ ಎಂಎಂ ತಾಮ್ರ, ಒಂದೇ ಪೈಪಿನಾಗ ಭಾಳ ಕೇಬಲ್ ಹೋಗ್ತಿದ್ರ 10. ಮೂರು ಪಿನ್ನಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್. 32 ಆಂಪ್ ಪಿಡಿಯುದಾಗ ಸಾಮಾನ್ಯವಾಗಿ 16 ಆಂಪಿನ ಎರಡು ಬ್ಯಾಂಕ್ ಇರ್ತಾವ. 17 ಆಂಪನ್ನೂ ಒಂದೇ ಬ್ಯಾಂಕಿಗೆ ಚುಚ್ಚಿದ್ರ ಮತ್ತ ಅದೇ ಕಥೆ, ನೋಡುಗಳನ್ನ ಎರಡೂ ಬ್ಯಾಂಕಿಗೆ ಹಂಚ್ರಿ. ಹೆಸ್ಕಾಂನ ಮಂಜೂರಾದ ಲೋಡೂ ನೋಡಿಕೊಳ್ರಿ, ಸರ್ವರ್ ಲೋಡ್ 5ರಿಂದ 11 ಕಿಲೋವ್ಯಾಟಿಗೆ ಏರಿದ್ದಕ್ಕ ಎಸಿ ಲೋಡೂ ಏರ್ತದ.

ಉಣಕಲ್_ನೆಟ್

ಓಎಸ್‌ಡಿ ಅಪ್-ಡೌನ್ ನನಗ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟಿನಾಗ) ದೋಷ ಅನಸ್ತದ. ನೋಡಿನಾಗ 9000, ಹೊಸ ಎರಡು ಸ್ವಿಚ್‌ನಾಗ ಒಂದು ಇನ್ನೂ 1500ರಾಗ ಇರಬೇಕು. ಸೆಫ್ ಹಾರ್ಟ್‌ಬೀಟ್ (ಬದುಕಿರೋದು ತಿಳಿಸೋ) ಪ್ಯಾಕೆಟ್ಟನ್ನ ಕನಿಷ್ಠ 2000 ಬೈಟಿಗೆ ಉಬ್ಬಿಸಿ ಕಳಸ್ತದ, 1500ರ ದಾರಿಯಾಗ ಅದು ದಾಟಂಗಿಲ್ಲ. ಪಕ್ಕದ ಓಎಸ್‌ಡಿಗಳು ‘ಇದು ಸತ್ತದ’ ಅಂತ ಮಾನಿಟರ್‌ಗೆ (ಯಾವುದು ಅಪ್, ಯಾವುದು ಡೌನ್ ಅಂತ ಲೆಕ್ಕ ಇಡೋ ಸೆಫ್ ಪ್ರೋಗ್ರಾಂ) ದೂರು ಕೊಡ್ತಾವ. ಓಎಸ್‌ಡಿಯ ಸಣ್ಣ ಪ್ಯಾಕೆಟ್ ಮಾನಿಟರ್‌ಗೆ ಮುಟ್ಟೋದ್ರಿಂದ ಅದು ‘ಬದುಕೇನಿ’ ಅಂತ ತಿರುಗಿ ಏಳ್ತದ.

ಫ್ರಾಗ್ಮೆಂಟ್ (ತುಂಡು) ಮಾಡಬಾರದು ಅನ್ನೋ ಆಯ್ಕೆ ಹಾಕಿ 8972 ಬೈಟಿನ ಪಿಂಗ್ ಕಳಸ್ರಿ. ಹೆಡರ್ 28 ಸೇರಿ 9000. ಬಾಂಡ್ (ಎರಡು ನೆಟ್‌ವರ್ಕ್ ಕೇಬಲ್ ಒಂದಾಗಿ ಬಳಸೋದು) ಇದ್ರ ಒಂದೇ ಪಿಂಗ್ ನಂಬಬ್ಯಾಡ್ರಿ, ಅದು ಸರಿ ಇರೋ ಸ್ವಿಚ್ ಹಿಡದು ಹೋಗಿರಬಹುದು. ಬಾಂಡಿನ ಒಂದು ಕೇಬಲ್ ತೆಗೆದು ಪಿಂಗ್ ಮಾಡ್ರಿ, ಅದನ್ನ ಹಾಕಿ ಇನ್ನೊಂದು ತೆಗೆದು ಮತ್ತ ಮಾಡ್ರಿ. ಸ್ವಿಚ್‌ನಾಗ 9216 ಇಡ್ರಿ, ಹಳೇ ರ್ಯಾಕಿಗೆ ಹೋಗೋ ಅಪ್‌ಲಿಂಕ್ ಪೋರ್ಟಿನಾಗೂ.

ಬಿಸಿಗೂ ಸ್ವಿಚ್ಚಿಗೂ ಸಂಬಂಧ ಇರಬಹುದು. ಪೋರ್ಟ್ ಹಿಂದಕ್ಕ ಮಾಡಿ ಕೂಡಿಸಿದ್ರ ಫ್ಯಾನ್ ಬದಿಯಿಂದ ಗಾಳಿ ಎಳೆದು ಪೋರ್ಟ್ ಬದಿಗೆ ಬಿಡೋ ಮಾಡೆಲ್ ಬೇಕು. ಉಲ್ಟಾ ಇದ್ರ ಹಿಂದಿನ ಬಿಸಿ ಗಾಳಿ ಮುಂದಕ್ಕ ಬರ್ತದ.

ಗೋಕುಲರೋಡ್_ರ್ಯಾಕ್

ಉಣಕಲ್ ಸರ, ಒಂದು ಸ್ವಿಚ್ 1500ರಾಗೇ ಇತ್ತು. 9216 ಇಟ್ಟ ಮೇಲೆ ಓಎಸ್‌ಡಿ ಶಾಂತ. ಸ್ವಿಚ್ ಗಾಳಿ ದಿಕ್ಕು ಸರಿ ಅದ, ಬ್ಲ್ಯಾಂಕಿಂಗ್ ಪ್ಯಾನೆಲ್ (ರ್ಯಾಕಿನ ಖಾಲಿ ಜಾಗ ಮುಚ್ಚೋ ಪಟ್ಟಿ) ಹಾಕಿಲ್ಲ. ಕೆಲಸ ಯಾವ ಕ್ರಮದಾಗ ಮಾಡೋದು?

ತಾರಿಹಾಳ_ಪವರ್

ಹಂಗಾದ್ರ ಬಿಸಿಗೆ ಕಾರಣ ಅದೇ. 42ಯುದಾಗ 24ಯು ಖಾಲಿ ಬಾಯಿ ಬಿಟ್ಟದ, ಹಿಂದಿನ ಬಿಸಿ ಗಾಳಿ ಅಲ್ಲಿಂದ ಮುಂದಕ್ಕ ನುಗ್ಗಿ ಮೇಲಿನ ನೋಡಿಗೆ ಹೋಗ್ತದ. ನೋಡ್ ಹಂಚಿದ ಮೇಲೆ 32ಯು ಖಾಲಿ, ಅಷ್ಟೂ ಮುಚ್ಚ್ರಿ, ಕೇಬಲ್ ತೂತಿಗೆ ಬ್ರಷ್ ಪಟ್ಟಿ ಹಾಕ್ರಿ. ಇನ್‌ಲೆಟ್ 18ರಿಂದ 27ರೊಳಗ ಇರಲಿ. ಎಸಿ ಥರ್ಮೋಸ್ಟ್ಯಾಟ್ ಇಳಿಸಿದ್ರ ಕೆಳಗಿನ ನೋಡ್ ಅಷ್ಟೇ ತಣ್ಣಗಾಗ್ತದ.

ಒಟ್ಟು 11 ಕಿಲೋವ್ಯಾಟಿಗೆ 3.1 ಟನ್ ಬೇಕು. ಸರ್ವರಿನದು ಬರೇ ಒಣ ಶಾಖ. ಮನೀ ಎಸಿ ತನ್ನ ಶಕ್ತಿಯಾಗ ಒಂದು ಪಾಲು ತೇವ ತೆಗೆಯೋಕೆ ಕಳೀತದ, ಶೇ. 70 ಹಿಡೀರಿ. ಮೂರೂ ಓಡಿದ್ರ 4.2 ಟನ್, ಒಂದು ಕೆಟ್ಟರ 2.8, ಸಾಲದು. ಅದೂ 35 ಡಿಗ್ರಿ ಹೊರಗಿನ ಶಾಖಕ್ಕ ಬರೆದ ರೇಟಿಂಗು, ನಮ್ಮ ಏಪ್ರಿಲ್-ಮೇ ಬಿಸಲಿಗೆ ಇನ್ನೂ ಇಳೀತದ. ನಾಲ್ಕನೇದು ಬೇಕೇ ಬೇಕು. ಔಟ್‌ಡೋರ್ ಯುನಿಟ್ ಪಡುವಣ ಗೋಡೆಗೆ ಹಾಕಬ್ಯಾಡ್ರಿ.

ಸಪ್ತಾಪುರ_ಸೆಫ್

ಕ್ರಮ: ಮೊದಲು ಹಳೇ ಎರಡು ರ್ಯಾಕಿನ ಫೀಡ್ ಬದಲಿಸ್ರಿ. ಎ ತೆಗೆದಾಗ ಬಿ ಮೇಲೆ 11 ಆಂಪ್ ಅಷ್ಟೇ, ಯಾವ ನೋಡೂ ಬಂದ್ ಮಾಡೋದು ಬೇಕಾಗಿಲ್ಲ. ಆಮೇಲೆ ಹೊಸ ರ್ಯಾಕಿನ ಒಂದು ನೋಡಿನ ಆರೂ ಓಎಸ್‌ಡಿ ‘ಔಟ್’ ಮಾಡಿ, ಡೇಟಾ ಅದೇ ರ್ಯಾಕಿನ ಉಳಿದ ನೋಡಿಗೆ ಹೋಗೋತನಕ ಕಾಯ್ರಿ. ಎಲ್ಲಾ ಪಿಜಿ (ಸೆಫ್ ಡೇಟಾ ಹಂಚೋ ಗುಂಪು) ಆಕ್ಟಿವ್ ಕ್ಲೀನ್ ಅಂದ ಮೇಲೆ ನೋಡ್ ಆಫ್ ಮಾಡಿ ಹಳೇ ರ್ಯಾಕಿಗೆ ಸಾಗಿಸ್ರಿ. ಆನ್ ಮಾಡೋ ಮೊದಲು ಕ್ರಷ್ ನಕ್ಷೆಯಾಗ (ಯಾವ ನೋಡ್ ಯಾವ ರ್ಯಾಕಿನಾಗ ಅದ ಅನ್ನೋ ಸೆಫ್ ಪಟ್ಟಿ) ಹೋಸ್ಟ್ ಬಕೆಟ್ (ಆ ನೋಡಿನ ನಮೂದು) ಆ ರ್ಯಾಕಿನ ಕೆಳಗ ಸರಿಸ್ರಿ, ಆನ್ ಆದ ಮೇಲೆ ‘ಇನ್’ ಮಾಡ್ರಿ. ನಕ್ಷೆ ಹಳೇದೇ ಉಳಿದ್ರ ಸೆಫ್ ಎರಡು ಪ್ರತಿಯನ್ನ ಒಂದೇ ರ್ಯಾಕಿನಾಗ ಇಟ್ಟು ಬೇರೆ ಬೇರೆ ಅಂತ ನಂಬ್ತದ, ರ್ಯಾಕ್ ಹೋದ ದಿನ ಅದು ಗೊತ್ತಾಗ್ತದ. ಹಿಂಗ ನಾಲ್ಕೂ, ಒಂದಾದ ಮೇಲೊಂದು. ಹೊಸ ರ್ಯಾಕಿನ ಫೀಡ್ ಬದಲಿ ಕೊನೇಗೆ, ಆಗ ಅದರ ಒಟ್ಟು ಲೋಡ್ 14 ಆಂಪಿಗೆ ಇಳಿದಿರ್ತದ.

ತಾರಿಹಾಳ_ಪವರ್

ಎಲ್ಲಾ ಮುಗಿದ ಮೇಲೆ ಎ ಬಂದ್ ಮಾಡಿ ಪೂರ್ತಿ ಒಂದು ತಾಸು ಬಿ ಮೇಲೆ ಓಡಸ್ರಿ, ಆಮೇಲೆ ಬಿ ಬಂದ್ ಮಾಡಿ ಎ ಮೇಲೆ ಒಂದು ತಾಸು. ನಡುವ ಪಿಡಿಯು ಪ್ಲಗ್ ಮತ್ತು ಎಂಸಿಬಿ ಟರ್ಮಿನಲ್ಲಿನ ಉಷ್ಣತೆ ಥರ್ಮಲ್ ಗನ್‌ನಿಂದ ನೋಡ್ರಿ. ಅದೇ ಲೋಡಿನ ಉಳಿದ ಟರ್ಮಿನಲ್ಲಿಗಿಂತ ಒಂದು ಎದ್ದು ಕಾಣೋಷ್ಟು ಬಿಸಿ ಇದ್ರ ಸ್ಕ್ರೂ ಸಡಿಲ ಅದ ಅಂತ ಅರ್ಥ, ಆ ಫೀಡ್ ಆಫ್ ಮಾಡಿ ಬಿಗೀ ಮಾಡ್ರಿ.