ಭೂಕಂಪದ ಪಟ್ಟಿಗೆ ಪಾಯ್ಸಾನ್ ಯಾಕೆ ಹೊಂದುತ್ತಿಲ್ಲ?

ಪ್ರಶ್ನೆ:
20 ವರ್ಷದ ಭೂಕಂಪಗಳ ಪಟ್ಟಿ ಇಟ್ಟುಕೊಂಡು ಕೂತಿದ್ದೇನೆ. ತಿಂಗಳಿಗೆ ಎಷ್ಟು ಅಂತ ಎಣಿಸಿ ಪಾಯ್ಸಾನ್ (ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಎಣಿಕೆಯ ಸಂಭವನೀಯತಾ ಮಾದರಿ) ಹೊಂದಿಸಲು ನೋಡಿದೆ. ಸರಾಸರಿ 6, ವೇರಿಯನ್ಸ್ (ಎಣಿಕೆ ಎಷ್ಟು ಚದುರಿದೆ ಅನ್ನೋ ಅಳತೆ) ಮಾತ್ರ 90. ಪಾಯ್ಸಾನ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು ಅಲ್ವಾ? ಜೊತೆಗೆ ಕೊನೆಯ 8 ವರ್ಷಗಳಲ್ಲಿ ಕಂಪನ ಜಾಸ್ತಿಯಾದ ಹಾಗೆ ಕಾಣುತ್ತಿದೆ. ಎಲ್ಲಿ ಎಡವಿದ್ದೇನೆ?

ಉತ್ತರ 1:
ತಿಂಗಳ ಲೆಕ್ಕ ಸದ್ಯಕ್ಕೆ ಬಿಡಿ. ಒಂದೊಂದು ಕಂಪನಕ್ಕೂ ಒಂದು ಚುಕ್ಕಿ ಇಡಿ. ಅಡ್ಡಕ್ಕೆ ಸಮಯ, ಮೇಲಕ್ಕೆ ಮ್ಯಾಗ್ನಿಟ್ಯೂಡ್. ಎತ್ತರದಲ್ಲಿ ಒಂದು ಚುಕ್ಕಿ, ಅದರ ಬಲಕ್ಕೆ ಸಣ್ಣ ಚುಕ್ಕಿಗಳ ಹಿಂಡು, ಮೊದಲು ಒತ್ತೊತ್ತಾಗಿ, ಬರುಬರುತ್ತಾ ವಿರಳವಾಗಿ ಕಾಣುತ್ತದೆ ನೋಡಿ, ನಿಮ್ಮ 90 ಬಂದಿದ್ದು ಬಹುಶಃ ಅಲ್ಲಿಂದಲೇ. ಅವು ಮರುಕಂಪನಗಳು. ಪಾಯ್ಸಾನ್ ಅಂದರೆ ಒಂದು ಘಟನೆಗೆ ಇನ್ನೊಂದರ ಹಂಗಿಲ್ಲ. ಇಲ್ಲಿ ಒಂದು ಇನ್ನೊಂದನ್ನು ಎಬ್ಬಿಸುತ್ತದೆ. 1891ರ ನೋಬಿ ಭೂಕಂಪದ ಮರುಕಂಪನಗಳನ್ನು ಎಣಿಸಿದ ಜಪಾನಿನ ಭೂಕಂಪ ವಿಜ್ಞಾನಿ ಒಮೋರಿ, ಅವುಗಳ ದರ ಸಮಯಕ್ಕೆ ವಿಲೋಮವಾಗಿ ಇಳಿಯುತ್ತದೆ ಅಂತ 1894ರಲ್ಲೇ ತೋರಿಸಿದ್ದರು. ಮೊದಲ ದಿನ ಇದ್ದ ದರ ಹತ್ತನೇ ದಿನಕ್ಕೆ ಸುಮಾರು ಹತ್ತನೇ ಒಂದು ಪಾಲು.

ಉತ್ತರ 2:
8 ವರ್ಷದ ಏರಿಕೆ ನಂಬಬೇಡಿ. ಹೊಸ ಸೀಸ್ಮೋಮೀಟರ್ (ಕಂಪನ ಅಳೆಯುವ ಯಂತ್ರ) ಹಾಕಿರಬಹುದು. ನಾನೂ ಹೀಗೇ ಒಂದು ಸಲ ಸುಮ್ನೆ ಖುಷಿಪಟ್ಟು ಆಮೇಲೆ ಬೆಪ್ಪಾಗಿದ್ದೆ. ದೊಡ್ಡ ಕಂಪನಗಳಿಗೆ ಹೋಲಿಸಿದರೆ ಸಣ್ಣವು ಎಷ್ಟು ಅಂತ ಹೇಳುವ ಬಿ-ಮೌಲ್ಯ ಸಾಮಾನ್ಯವಾಗಿ 1ರ ಆಸುಪಾಸು, ಅಂದರೆ ಮ್ಯಾಗ್ನಿಟ್ಯೂಡ್ ಒಂದು ಇಳಿದರೆ ಎಣಿಕೆ ಹತ್ತು ಪಟ್ಟು. 3ರವರೆಗೆ ಹಿಡಿಯುತ್ತಿದ್ದ ಯಂತ್ರಗಳ ಜಾಲ 2ರವರೆಗೂ ಹಿಡಿಯತೊಡಗಿದರೆ ಭೂಮಿ ತಣ್ಣಗಿದ್ದರೂ ನಿಮ್ಮ ಗ್ರಾಫ್ ಏರುತ್ತದೆ. ಎಣಿಕೆಯ ಲಾಗ್ ತೆಗೆದು ಮ್ಯಾಗ್ನಿಟ್ಯೂಡ್ ಎದುರು ಹಾಕಿ, ನೇರ ಗೆರೆ ಎಡಬದಿಯಲ್ಲಿ ಎಲ್ಲಿ ಕೆಳಕ್ಕೆ ಬಾಗುತ್ತದೋ ಆ ಮ್ಯಾಗ್ನಿಟ್ಯೂಡ್‌ಗಿಂತ ಸಣ್ಣದ್ದನ್ನೆಲ್ಲ ಕತ್ತರಿಸಿ. ಹಳೆಯ ವರ್ಷಗಳಿಗೆ ಬೇರೆ, ಹೊಸದಕ್ಕೆ ಬೇರೆ ನೋಡಿ, ದೊಡ್ಡ ಮಿತಿ ಯಾವುದೋ ಅದನ್ನೇ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
3ಕ್ಕೆ ಕತ್ತರಿಸಿದೆ, ಏರಿಕೆ ಮಾಯ! ಆದರೆ ವೇರಿಯನ್ಸ್ ಇನ್ನೂ ಸರಾಸರಿಯ ನಾಲ್ಕು ಪಟ್ಟು. ಮರುಕಂಪನಗಳನ್ನು ತೆಗೆದುಹಾಕಲಾ?

ಉತ್ತರ 1:
ತೆಗೆಯಬಹುದು. 1974ರಲ್ಲಿ ಗಾರ್ಡ್ನರ್ ಮತ್ತು ನಾಪಾಫ್ ಎಂಬ ಸಂಶೋಧಕರು ಒಂದು ಲೇಖನದಲ್ಲಿ ಮಾಡಿದ್ದು ಅದನ್ನೇ. ಮರುಕಂಪನ ತೆಗೆದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳು ಪಾಯ್ಸಾನೇ ಅನ್ನೋದು ಆ ಲೇಖನದ ಶೀರ್ಷಿಕೆಯಲ್ಲಿರುವ ಪ್ರಶ್ನೆ, ಸಾರಾಂಶದಲ್ಲಿ ಒಂದೇ ಪದ: 'ಹೌದು'. ಆದರೆ ಎಷ್ಟು ದಿನ, ಎಷ್ಟು ಕಿಲೋಮೀಟರ್ ಒಳಗಿನದ್ದನ್ನು ಮರುಕಂಪನ ಅನ್ನುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ನನಗೆ ಒಗಾಟಾ ಅವರ 1988ರ ಇಟಾಸ್ (ETAS) ಮಾದರಿಯೇ ಇಷ್ಟ. ಅದರಲ್ಲಿ ಏನನ್ನೂ ಬಿಸಾಡಬೇಕಿಲ್ಲ, ಪ್ರತಿ ಕಂಪನಕ್ಕೂ ಮರಿ ಹಾಕುವ, ಅಂದರೆ ತನ್ನದೇ ಮರುಕಂಪನ ಎಬ್ಬಿಸುವ ಅವಕಾಶ ಇದೆ.

ಉತ್ತರ 2:
ಅದಕ್ಕೂ ಮುಂಚೆ ಪಟ್ಟಿಯ ಉದ್ದನೆಯ ಖಾಲಿ ಜಾಗಗಳನ್ನು ನೋಡಿ. ಅಲ್ಲಿ ಕಂಪನ ಆಗಿಲ್ಲವೋ, ಯಂತ್ರ ಕೆಟ್ಟು ನಿಂತಿತ್ತೋ?