ಕೈಲ್‌ಪೊಳ್ದ್ ಮುಗಿಸಿ ಮಸಾಯಿ ಮಾರಾ: ಹೊರಡುವ ಮುಂಚೆ ಏನೇನು ನೋಡ್ಕೋಬೇಕು?

ಗೋಣಿಕೊಪ್ಪ_ಏಲಕ್ಕಿ

ಸೆಪ್ಟೆಂಬರಲ್ಲಿ, ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಆದ ಮೇಲೆ, ಅರೇಬಿಕಾ ಕೊಯ್ಲು ಶುರುವಾಗೋದ್ರೊಳಗೆ ಕೀನ್ಯಾ ಸಫಾರಿಗೆ ಹೋಗಿ ಬರೋಣ ಅಂತಿದ್ದೀವಿ. ನಾನು, ಹೆಂಡತಿ, 11 ವರ್ಷದ ಮಗ, 67ರ ಅಪ್ಪ. ಮೂರು ದಿನ ಮಸಾಯಿ ಮಾರಾ ರಿಸರ್ವ್, ಆಗೋದಾದ್ರೆ ಅಲ್ಲಿಂದಲೇ ಪಕ್ಕದ ಟಾಂಜಾನಿಯಾದ ಸೆರೆಂಗೆಟಿ. ಏಜೆಂಟ್ ಕೊಟ್ಟ ಕೊಟೇಶನ್ನಿನಲ್ಲಿ ‘ಪಾರ್ಕ್ ಫೀಸ್ ಬೇರೆ’ ಅಂತ ಒಂದೇ ಸಾಲಿದೆ. ಅದು ಎಷ್ಟಾಗುತ್ತೆ? ಲಸಿಕೆ ಯಾವಾಗ ಹಾಕಿಸ್ಬೇಕು? ಕಣ್ಣೂರಿಂದ ಹತ್ತೋದು ಒಳ್ಳೇದಾ, ಬೆಂಗಳೂರಾ? ನಾಗರಹೊಳೆ ಸಫಾರಿ ಬಿಟ್ರೆ ಬೇರೇನೂ ಗೊತ್ತಿಲ್ಲ.

ಹಾರಂಗಿ_ದಂಡೆ

ತಿಂಗಳು ಸರಿಯಾಗೇ ಆರಿಸಿದ್ದೀರಿ. ಜುಲೈಯಿಂದ ಅಕ್ಟೋಬರ್‌ವರೆಗೆ ವಿಲ್ಡೆಬೀಸ್ಟ್ (ದನದಂಥ ದೊಡ್ಡ ಹುಲ್ಲೆ) ಹಿಂಡು ಮಾರಾ ಕಡೆ ಇರುತ್ತೆ. ಆದ್ರೆ ದುಬಾರಿಯೂ ಆಗಲೇ. ರಿಸರ್ವ್ ಪ್ರವೇಶಕ್ಕೆ ವಿದೇಶದವರಿಗೆ ಜನವರಿಯಿಂದ ಜೂನ್ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ 200. 9ರಿಂದ 17 ವರ್ಷದವರಿಗೆ 50. ನಿಮಗೆ ದಿನಕ್ಕೆ 650, ಮೂರು ದಿನಕ್ಕೆ 1,950 ಡಾಲರ್. ಏಜೆಂಟ್ ಒಂದೇ ಸಾಲಿನಲ್ಲಿ ಮುಗಿಸಿದ್ದು ಇದನ್ನೇ.

ಟಿಕೆಟ್ 24 ಗಂಟೆಯದ್ದಲ್ಲ, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ನೈರೋಬಿಯಿಂದ ನರೋಕ್ ಮೇಲೆ ಸೆಕೆನಾನಿ ಗೇಟಿಗೆ ಐದಾರು ಗಂಟೆ ದಾರಿ. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದ್ರೂ ಪೂರ್ತಿ ದಿನದ ದುಡ್ಡು. ಅದಕ್ಕೇ ಮೊದಲ ರಾತ್ರಿ ಗೇಟಿನ ಹೊರಗಿನ ಕ್ಯಾಂಪಲ್ಲಿ ಉಳಿದು, ಮಾರನೇ ಬೆಳಿಗ್ಗೆ ಆರಕ್ಕೇ ಒಳಗೆ ಹೋಗಿ. ರಿಸರ್ವ್ ಒಳಗೇ ತಂಗೋದಾದ್ರೆ, ಹೊರಡುವ ದಿನ 10 ಗಂಟೆಯೊಳಗೆ ಗೇಟ್ ದಾಟಬೇಕು, ಇಲ್ಲಾಂದ್ರೆ ಆ ದಿನದ್ದೂ ಕಟ್ಟಬೇಕಾಗುತ್ತೆ.

ಆ ಹಿಂಡು ಮಾರಾ ನದಿ ದಾಟೋದು ನೋಡ್ಬೇಕು ಅಂದ್ರೆ ನಾಗರಹೊಳೆಯ ಟ್ರಿಪ್ ಲೆಕ್ಕ ಬಿಡಿ. ಬುತ್ತಿ ಕಟ್ಟಿಸ್ಕೊಂಡು ಇಡೀ ದಿನ ಕೂರಬೇಕು. ಹಿಂಡು ದಡಕ್ಕೆ ಬಂದು ಸೇರುತ್ತೆ, ಮುಂದಿರೋದು ನೀರಿಗೆ ಮೂತಿ ಇಡುತ್ತೆ, ಹಿಂದಿರೋವು ನೂಕುತ್ತವೆ. ಅಷ್ಟರಲ್ಲಿ ಏನೋ ಬೆದರಿ ಅಷ್ಟೂ ಧೂಳೆಬ್ಬಿಸಿ ವಾಪಸ್. ಹೀಗೆ ನಾಲ್ಕೈದು ಸಲ ಆಗಿ ಕೊನೆಗೆ ದಾಟದೇ ಇರೋದೂ ಉಂಟು. ಅವು ಹತ್ತುವ ದಡದಲ್ಲಿ ಗಾಡಿಗಳು ಅಡ್ಡ ನಿಂತ್ರೆ ದಾಟೋದೇ ಇಲ್ಲ, ಡ್ರೈವರಿಗೆ ದೂರ ನಿಲ್ಲಿಸೋಕೆ ಹೇಳಿ.

ಗಾಡಿ ಲ್ಯಾಂಡ್ ಕ್ರೂಸರೇ ಇರಲಿ, ನಾಲ್ಕು ಜನಕ್ಕೂ ಕಿಟಕಿ ಸೀಟು ಅಂತ ಬರೆಸ್ಕೊಳ್ಳಿ. ಚಾವಣಿ ಎತ್ತುವ ವ್ಯಾನು ಅಗ್ಗ. ಆದ್ರೆ ಅಲ್ಲಿರೋದು ನಮ್ಮ ಬಯಲುಸೀಮೆಯ ಎರೆಮಣ್ಣಿನಂಥ ಮಣ್ಣು. ಮಧ್ಯಾಹ್ನ ಒಂದು ಮಳೆ ಹೊಡೆದ್ರೂ ಚಕ್ರಕ್ಕೆ ಅಂಟಿ ವ್ಯಾನ್ ಹೂತುಹೋಗುತ್ತೆ.

ಸೆರೆಂಗೆಟಿ ಈ ಸಲ ಬಿಡಿ. ಮ್ಯಾಪಲ್ಲಿ ಪಕ್ಕದಲ್ಲೇ ಕಾಣುತ್ತೆ, ಆದ್ರೆ ಮಧ್ಯದ ಸ್ಯಾಂಡ್ ರಿವರ್ ಗಡಿ ಕಡೆಯಿಂದ ಪ್ರವಾಸಿಗರನ್ನ ಬಿಡಲ್ಲ. ಇಸೆಬಾನಿಯಾ ಗಡಿ ಸುತ್ತಿ, ಅಲ್ಲಿ ಗಾಡಿ ಬದಲಿಸಿ ಹೋಗೋದ್ರಲ್ಲಿ ಒಂದು ದಿನ ಹೋಯ್ತು. ಟಾಂಜಾನಿಯಾ ವೀಸಾ ಬೇರೆ, ತಲೆಗೆ 50 ಡಾಲರ್. ಬದಲಿಗೆ ವಾಪಸ್ ದಾರಿಯಲ್ಲಿ ನೈವಾಶಾ ಸರೋವರ ಇದೆ, ದೋಣಿಯಲ್ಲಿ ಕೂತು ನೀರಾನೆ ನೋಡಬಹುದು. ಘೇಂಡಾಮೃಗಕ್ಕೆ ನಕುರು ಪಾರ್ಕ್.

ಮಾಕುಟ್ಟ_ಮಳೆ

ಮೊದಲು ಲಸಿಕೆ, ಆಮೇಲೆ ಟಿಕೆಟ್. ಯೆಲ್ಲೋ ಫೀವರ್ ಲಸಿಕೆ ಎಲ್ಲಾ ಆಸ್ಪತ್ರೆಯಲ್ಲೂ ಹಾಕಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಬೆಂಗಳೂರಿನಲ್ಲಿದೆ. ದಿನ ಗೊತ್ತುಮಾಡ್ಕೊಂಡು ಪಾಸ್‌ಪೋರ್ಟ್ ಸಮೇತ ಹೋಗಿ. ಹಾಕಿಸಿ 10 ದಿನ ಆದ ಮೇಲೇ ಸರ್ಟಿಫಿಕೇಟಿಗೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತೆ. ಇದಿಲ್ಲದೆ ಕೀನ್ಯಾದಿಂದ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಲ್ಲೇ ಹಿಡಿದು 6 ದಿನದವರೆಗೆ ಕ್ವಾರಂಟೈನ್ ಮಾಡ್ತಾರೆ.

ಅಪ್ಪನ ವಿಷಯದಲ್ಲಿ ಅವಸರ ಬೇಡ. 60 ದಾಟಿದವರಿಗೆ ಈ ಲಸಿಕೆಯಿಂದ ಅಪರೂಪಕ್ಕೆ ಗಂಭೀರ ತೊಂದರೆ ಆಗುವ ಸಾಧ್ಯತೆ ಹೆಚ್ಚು. ಅವರನ್ನು ನೋಡುವ ಡಾಕ್ಟರನ್ನೇ ಕೇಳಿ. ಮೊಟ್ಟೆ ಅಲರ್ಜಿ ಇದ್ರೆ ಅದನ್ನೂ ಹೇಳಿ. ಬೇಡ ಅಂದ್ರೆ ಊರೇ ಬದಲಿಸಿ, ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕ್ ನೋಡಿ. ಅದು ಯೆಲ್ಲೋ ಫೀವರ್ ದೇಶವಲ್ಲ. ಸೆಪ್ಟೆಂಬರಲ್ಲಿ ಒಣ ಕಾಲ, ನೀರಿನ ಗುಂಡಿ ಹತ್ತಿರ ಪ್ರಾಣಿ ಚೆನ್ನಾಗಿ ಸಿಗುತ್ತವೆ. ಆದ್ರೆ ನೈರೋಬಿ, ಅಡಿಸ್ ಅಬಾಬಾ ಮೇಲೆ ಹೋಗುವ ವಿಮಾನ ಹಿಡೀಬೇಡಿ, ಅವೆರಡೂ ಯೆಲ್ಲೋ ಫೀವರ್ ಪಟ್ಟಿಯಲ್ಲಿರುವ ದೇಶಗಳ ಊರು.

ಮಲೇರಿಯಾ ಮಾತ್ರೆ ವಿಷಯದಲ್ಲಿ ಎಲ್ಲರೂ ತಪ್ಪು ಮಾಡೋದು ವಾಪಸ್ ಬಂದ ಮೇಲೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದ್ರೆ ವಾಪಸ್ ಬಂದು 7 ದಿನ, ಡಾಕ್ಸಿಸೈಕ್ಲಿನ್ ಆದ್ರೆ 4 ವಾರ ಮುಂದುವರಿಸಬೇಕು. ಯಾವುದು ಅಂತ ಡಾಕ್ಟರ್ ಹೇಳ್ಲಿ.

ಕೀನ್ಯಾಕ್ಕೆ 2024ರಿಂದ ವೀಸಾ ಬದಲು ಇಟಿಎ, ಅಂದ್ರೆ ಆನ್‌ಲೈನಲ್ಲಿ ಪಡೆಯುವ ಪ್ರಯಾಣ ಅನುಮತಿ. ಮಗನಿಗೂ ಬೇರೆಯೇ ಹಾಕಬೇಕು. ವೆಬ್‌ಸೈಟ್ ವಿಳಾಸ ‘ಗೋ ಡಾಟ್ ಕೆಇ’ ಅಂತ ಮುಗಿಯದಿದ್ರೆ ಅದು ದಲ್ಲಾಳಿ ಸೈಟು, ದುಪ್ಪಟ್ಟು ಕೀಳ್ತಾರೆ.

ಕಣ್ಣೂರು ವಿರಾಜಪೇಟೆಗೆ ಹತ್ತಿರ ನಿಜ. ಆದ್ರೆ ಸೆಪ್ಟೆಂಬರಲ್ಲಿ ಮಾಕುಟ್ಟ ಘಾಟಿ ಯಾವಾಗ ಕುಸಿಯುತ್ತೆ ಅಂತ ಹೇಳೋಕಾಗಲ್ಲ, ಹಿಂದಿನ ದಿನವೇ ಇಳಿದುಬಿಡಿ. ಗಲ್ಫಲ್ಲಿ ವಿಮಾನ ಬದಲಿಸೋದಾದ್ರೆ ನೈರೋಬಿವರೆಗೆ ಒಂದೇ ಪಿಎನ್‌ಆರ್ ಇರಲಿ. ಬೇರೆ ಬೇರೆ ಟಿಕೆಟಾದ್ರೆ ಲಗೇಜ್ ಇಳಿಸ್ಕೊಳ್ಳೋಕೆ ಆ ದೇಶದ ವೀಸಾ ಕೇಳ್ತಾರೆ, ಮೊದಲನೇದು ತಡವಾದ್ರೆ ಎರಡನೇದರ ದುಡ್ಡೂ ಹೋಯ್ತು.

ಪೊನ್ನಂಪೇಟೆ_ಕಿರುದಾರಿ

ಸಾಮಾನಿನ ಬಗ್ಗೆ ನಾಲ್ಕು ಮಾತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ, ನಮ್ಮಲ್ಲಿಯ ಹಾಗೆ ಬರೀ ಹೆಸರಿಗಿರುವ ನಿಷೇಧ ಅಲ್ಲ. ಒದ್ದೆ ಬಟ್ಟೆ, ಚಪ್ಪಲಿ ಎಲ್ಲ ಬಟ್ಟೆ ಚೀಲಕ್ಕೆ. ಒಂದು ಸಲ ಬಳಸಿ ಬಿಸಾಡುವ ನೀರಿನ ಬಾಟಲಿಯನ್ನೂ ಪಾರ್ಕ್ ಒಳಗೆ ಬಿಡಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಕ್ಯಾಮೆರಾಕ್ಕೆ ಹಳೇ ದಿಂಬಿನ ಚೀಲ ಸಾಕು, ಒಳಗೆ ಧೂಳು ಹೋಗಲ್ಲ.

ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹೋಗೋದಾದ್ರೆ ತಲೆಗೆ 15 ಕೆಜಿ, ಅದೂ ಮೆತ್ತನೆ ಬ್ಯಾಗು. ಗಾಲಿ ಇರುವ ಗಟ್ಟಿ ಸೂಟ್‌ಕೇಸ್ ತಗೊಳ್ಳಲ್ಲ. ಪ್ಲಗ್ಗು ಮೂರು ಚಪ್ಪಟೆ ಪಿನ್ನಿನದು, ನಮ್ಮದು ಕೂರಲ್ಲ. ಅಡಾಪ್ಟರ್ ಇಲ್ಲೇ ತಗೊಳ್ಳಿ.

ಆಫ್ರಿಕಾ ಅಂದ್ರೆ ಸೆಕೆ ಅಂತ ಹೋಗಿ ನಡುಗೋರೇ ಜಾಸ್ತಿ. ಮಾರಾ ಮಡಿಕೇರಿಗಿಂತ ಎತ್ತರ. ಬೆಳಿಗ್ಗೆ ಆರಕ್ಕೆ ಚಾವಣಿ ತೆಗೆದ ಗಾಡಿಯಲ್ಲಿ ಡಿಸೆಂಬರ್ ಚಳಿಯೇ. ಸ್ವೆಟರ್, ಟೊಪ್ಪಿ ಬೇಕು. ಕಡುನೀಲಿ, ಕಪ್ಪು ಬಟ್ಟೆ ಬೇಡ, ಸೆಟ್ಸೆ ನೊಣಕ್ಕೆ ಆ ಬಣ್ಣ ಇಷ್ಟ. ನಮ್ಮ ಕಡೆ ಮನೆಗೊಂದು ಮಿಲಿಟರಿ ಜಾಕೆಟ್ ಇರುತ್ತಲ್ಲ, ಅದನ್ನೂ ಬಿಟ್ಟು ಹೋಗಿ. ಆಫ್ರಿಕಾದ ಕೆಲವು ಕಡೆ, ಜಾಂಬಿಯಾ, ಜಿಂಬಾಬ್ವೆಯಂಥಲ್ಲಿ, ಸಾಮಾನ್ಯರು ಅದನ್ನ ಹಾಕೋದೇ ಅಪರಾಧ.

ಡಾಲರ್ ನೋಟು ಹೊಸದಿರಲಿ. ಹಳೇ ಸರಣಿಯದ್ದು, ಮೂಲೆ ಹರಿದದ್ದು ಅಲ್ಲಿ ಯಾರೂ ಮುಟ್ಟಲ್ಲ.

ಗೋಣಿಕೊಪ್ಪ_ಏಲಕ್ಕಿ

ತುಂಬಾ ಥ್ಯಾಂಕ್ಸ್. ಸೆರೆಂಗೆಟಿ ಕೈಬಿಟ್ಟೆ. ನೈರೋಬಿ ಹತ್ತಿರ ಕಾಫಿ ತೋಟ ನೋಡುವ ಆಸೆ ಇದೆ. ಎಸ್‌ಎಲ್ 28 ಅನ್ನೋ ಅಲ್ಲಿನ ಅರೇಬಿಕಾ ತಳಿಯ ಬೀಜ ಒಂದು ಹಿಡಿ ತಂದು ನರ್ಸರಿಯಲ್ಲಿ ಹಾಕಿದ್ರೆ ಬರುತ್ತಾ?

ಹಾರಂಗಿ_ದಂಡೆ

ದಯವಿಟ್ಟು ತರಬೇಡಿ. ಹುರಿದ ಕಾಫಿ ತನ್ನಿ, ಬೆಲ್ಲದ ಕಾಪಿ ಮಾಡಿ ಕುಡಿಯೋಣ. ಬಿತ್ತುವ ಬೀಜ, ಗಿಡ, ಕಡ್ಡಿ ಪರ್ಮಿಟ್ ಇಲ್ಲದೆ ತರೋದು ಕಾನೂನಿಗೇ ವಿರುದ್ಧ. ಅದಕ್ಕಿಂತ ದೊಡ್ಡದು ಕಾಯಿ ಕೊಳೆಸುವ ಸಿಬಿಡಿ (ಕಾಫಿ ಬೆರ್ರಿ ಡಿಸೀಸ್) ಅನ್ನೋ ಶಿಲೀಂಧ್ರ ರೋಗ. 1922ರಲ್ಲಿ ಮೊದಲು ಕಂಡದ್ದೇ ಕೀನ್ಯಾದಲ್ಲಿ. ಅರೇಬಿಕಾದ ಹಸಿರು ಕಾಯಿ ಮೇಲೆ ಕಪ್ಪು ತಗ್ಗು ಮಚ್ಚೆ ಬಿದ್ದು, ಗಿಡದಲ್ಲೇ ಸುಕ್ಕಾಗಿ ಉದುರುತ್ತೆ. ಇವತ್ತಿಗೂ ಅದು ಆಫ್ರಿಕಾ ದಾಟಿಲ್ಲ. ತಂಪು, ಮಳೆ, ಎತ್ತರ, ಅದಕ್ಕೆ ಬೇಕಾದ್ದೆಲ್ಲ ನಮ್ಮಲ್ಲಿದೆ. ಆಫ್ರಿಕಾ ಮೂಲದ ಕಾಯಿಕೊರಕ ಹುಳ 1990ರಲ್ಲಿ ಗೂಡಲೂರಲ್ಲಿ ಕಾಣಿಸಿಕೊಂಡು ಕೊಡಗಿಗೆ ಬರೋಕೆ ಎಷ್ಟು ದಿನ ಬೇಕಾಯ್ತು ಅಂತ ಮನೆ ಹಿರಿಯರನ್ನ ಕೇಳಿ.

ತೋಟ ಖಂಡಿತ ನೋಡಿ. ತೋಟದಿಂದ ಬಂದ ದಿನವೇ ಶೂ ಅಡಿಯ ಮಣ್ಣನ್ನ ಹೋಟೆಲಲ್ಲೇ ಸೋಪು, ಬ್ರಷ್ ಹಾಕಿ ತೊಳೆದು ಒಣಗಿಸಿ, ಹಾಕಿದ್ದ ಬಟ್ಟೆ ಒಗೆಸಿ. ಊರಿಗೆ ಬಂದ ಮೇಲೆ ಆ ಶೂ ಪೇಟೆಗೆ ಮಾತ್ರ, ತೋಟಕ್ಕೆ ಬೇಡ.