ನಾಲ್ಕನೇ ಕ್ಲಾಸ್ ಓದಿದವರಿಗೆ ನೆನಪು-ಬುದ್ಧಿ ಅಳೆಯುವ ಎಂಎಂಎಸ್ಇ ಪರೀಕ್ಷೆಯಲ್ಲಿ 19 ಬಂದಿದೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅನ್ನಬಹುದಾ?

ಹೊಳೆದಂಡೆ:
ಜಿಲ್ಲಾ ಮಟ್ಟದಲ್ಲಿ ಕ್ಲಿನಿಕಲ್ ಸೈಕಾಲಜಿ ಕೆಲಸ. 64 ವರ್ಷದ ರೈತರು, ಮನೆಮಾತು ಕನ್ನಡ, ಓದು ನಾಲ್ಕನೇ ಕ್ಲಾಸ್. ಎಂಟು ತಿಂಗಳಿಂದ ಮರೆವು ಜಾಸ್ತಿ, ಹೇಳಿದ್ದನ್ನೇ ಹೇಳ್ತಾರೆ ಅಂತ ಮಗ ಕರೆತಂದಿದ್ದಾರೆ. ಹೆಂಡತಿ ತೀರಿಕೊಂಡು ಒಂದು ವರ್ಷ. ಎಂಎಂಎಸ್ಇ 30ಕ್ಕೆ 19. ಹೋದ ಅಂಕಗಳು: 100ರಿಂದ ಏಳು ಏಳು ಕಳೆಯುವ ಲೆಕ್ಕದಲ್ಲಿ 4, ವಾಕ್ಯ ಬರೆಯೋದು 1, ಪಂಚಭುಜದ ಚಿತ್ರ 1, ತಾರೀಕು-ತಿಂಗಳು-ಇಸವಿಯಲ್ಲಿ 3, ಮೂರು ಪದ ನೆನಪಿಸಿ ಹೇಳೋದರಲ್ಲಿ 2. ಇನ್ನೊಂದು ಸಲ ಬಂದಾಗ ಒಂದೂವರೆ ಗಂಟೆ ಸಿಗುತ್ತೆ. ಯಾವ ಪರೀಕ್ಷೆ ಮಾಡಲಿ, ಯಾವುದು ಬಿಡಲಿ? ಪದ ಹೇಳಿಸುವ ಪರೀಕ್ಷೆಗೆ ಕನ್ನಡದಲ್ಲಿ ಯಾವ ಅಕ್ಷರ ಕೊಡಬೇಕು?

ಮೆಮೊರಿಕ್ಲಿನಿಕ್:
19 ಅನ್ನೋದನ್ನ ಬಿಡಿ, ಹೋದ 11 ಅಂಕಗಳನ್ನ ನೋಡಿ. ಲೆಕ್ಕ, ಬರವಣಿಗೆ, ಚಿತ್ರ ಸೇರಿ 6 ಅಂಕ ಶಾಲೆಯ ಲೆಕ್ಕಕ್ಕೇ ಹೋಗಬಹುದು, ಮಿದುಳಿನ ಲೆಕ್ಕಕ್ಕಲ್ಲ. 1995ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಎಚ್‌ಎಂಎಸ್ಇ ಅನ್ನುವ ಹಿಂದಿ ಪರೀಕ್ಷೆ ಮಾಡಿದ್ದೇ ಈ ಕಾರಣಕ್ಕೆ. ಅದರಲ್ಲಿ ಏಳು ಕಳೆಯುವ ಬದಲು ವಾರದ ದಿನಗಳನ್ನ ಹಿಂದುಮುಂದಾಗಿ ಹೇಳಿಸ್ತಾರೆ, ವಾಕ್ಯವನ್ನ ಬರೆಸದೆ ಬಾಯಲ್ಲೇ ಹೇಳಿಸ್ತಾರೆ. ಐಸಿಎಂಆರ್‌ನ ನ್ಯೂರೋಕಾಗ್ನಿಟಿವ್ ಟೂಲ್‌ಬಾಕ್ಸ್ (ನೆನಪು, ಗಮನ, ಭಾಷೆ ನೋಡುವ ಪರೀಕ್ಷೆಗಳ ಕಟ್ಟು) ಕನ್ನಡದಲ್ಲೂ ಇದೆ, ಸಿಕ್ಕರೆ ಅದನ್ನೇ ಬಳಸಿ.

ತಾರೀಕು ಗೊತ್ತಿಲ್ಲದವರು ಅಮಾವಾಸ್ಯೆ ಹೋಗಿ ಎಷ್ಟು ದಿನ ಆಯ್ತು, ಯಾವ ಹಬ್ಬ ಮುಗೀತು, ಹೊಲದಲ್ಲಿ ಈಗ ಯಾವ ಕೆಲಸ ನಡೀತಿದೆ ಅನ್ನೋದನ್ನ ಸರಿಯಾಗಿ ಹೇಳ್ತಾರೆ. ಅದೂ ತಪ್ಪಿದರೆ ಮಾತ್ರ ನಿಜವಾಗಿ ಯೋಚನೆ ಮಾಡಬೇಕು. ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ 2 ಅಂಕ, ಪದ ನೆನಪಿಸೋದರಲ್ಲಿ ಹೋದವು.

ಪರೀಕ್ಷೆಗೆ ಮುಂಚೆ ಕಿವಿ ನೋಡಿಸಿ. ಪದ ಕೇಳಿಸದೇ ಇದ್ದವರಿಗೆ ನೆನಪಿಲ್ಲ ಅಂತ ಬರೆದರೆ ಅನ್ಯಾಯ. ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ ನೋಡಲು ವೈದ್ಯರಿಗೆ ಹೇಳಿ. ಮಾತ್ರೆಗಳ ಪಟ್ಟಿ ಅಲ್ಲ, ಸ್ಟ್ರಿಪ್‌ಗಳನ್ನೇ ತರಿಸಿ: ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್, ನಿದ್ದೆ ಮಾತ್ರೆ ಇವೆಲ್ಲ ನೆನಪನ್ನ ಮಂಕು ಮಾಡ್ತವೆ. ಇತ್ತೀಚೆಗೆ ಬಿದ್ದು ತಲೆಗೆ ಏಟಾಗಿದೆಯಾ ಕೇಳಿ. ಆಗಿದ್ದರೆ ಸ್ಕ್ಯಾನ್ ಮೊದಲು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವರನ್ನ ಹಾಗೇ ಕೂರಿಸಬೇಡಿ.

ಪದಪಟ್ಟಿ:
ಒಂದೂವರೆ ಗಂಟೆಯಲ್ಲಿ ಅರ್ಧ ಹೊತ್ತನ್ನ ಪದಗಳನ್ನ ಕಲಿಸಿ ನೆನಪು ನೋಡುವ ಎವಿಎಲ್‌ಟಿಗೆ ಮೀಸಲಿಡಿ. 15 ಪದ, ಸೆಕೆಂಡಿಗೊಂದರಂತೆ, ಐದು ಸಲ ಓದಿ, ಪ್ರತಿ ಸಲ ಅದೇ ಕ್ರಮ, ಓದಿದ ಕೂಡಲೇ ನೆನಪಿದ್ದದ್ದನ್ನ ಹೇಳಿಸಿ. ಆಮೇಲೆ ಎರಡನೇ ಪಟ್ಟಿ ಒಂದು ಸಲ, ಕೂಡಲೇ ಮೊದಲ ಪಟ್ಟಿ ಕೇಳಿ. 20-30 ನಿಮಿಷ ಬಿಟ್ಟು ಮತ್ತೆ ಕೇಳಿ, ಕೊನೆಗೆ ಪಟ್ಟಿಯಲ್ಲಿದ್ದ ಪದ ಗುರುತಿಸುವ ಭಾಗ. ನಡುವಿನ ಹೊತ್ತಿನಲ್ಲಿ ಇನ್ನೊಂದು ಪದಗಳ ಪರೀಕ್ಷೆ ತುರುಕಬೇಡಿ, ಪದಗಳು ಒಂದರೊಳಗೊಂದು ಬೆರೀತವೆ. ಕಲರ್ ಟ್ರೇಲ್ಸ್ (ಅಂಕಿಗಳನ್ನ ಕ್ರಮವಾಗಿ ಗೆರೆ ಎಳೆದು ಜೋಡಿಸುವ ಪರೀಕ್ಷೆ) ಮಾಡಿ, ಆದರೆ 1ರಿಂದ 25 ಓದ್ತಾರಾ ಅಂತ ಮೊದಲೇ ನೋಡಿಕೊಳ್ಳಿ. ಗಡಿಯಾರ ಬರೆಸೋದನ್ನ ಬಿಟ್ಟುಬಿಡಿ. ಪೆನ್ಸಿಲ್ ಹಿಡಿದು ವರ್ಷಗಳಾದ ಕೈ ಅದು, ವಕ್ರ ಬಂದರೆ ಏನೂ ಹೇಳೋಕಾಗಲ್ಲ.

ಅಂಕಕ್ಕಿಂತ ಏರಿಳಿತ ಮುಖ್ಯ. ಖಿನ್ನತೆಯಲ್ಲಿ ಕಲಿಕೆ ನಿಧಾನ, ಆದರೆ ಕಲಿತದ್ದು ಅರ್ಧ ಗಂಟೆ ನಂತರವೂ ಬಹುಮಟ್ಟಿಗೆ ಉಳಿದಿರುತ್ತೆ, ಗುರುತಿಸೋದು ಚೆನ್ನಾಗಿರುತ್ತೆ. ಆಲ್ಜೈಮರ್‌ನಲ್ಲಿ ಐದನೇ ಸಲಕ್ಕೂ ಏರಿಕೆ ಕಮ್ಮಿ, ಅರ್ಧ ಗಂಟೆಯಲ್ಲಿ ಬಹುತೇಕ ಅಳಿಸಿಹೋಗಿರುತ್ತೆ, ಗುರುತಿಸುವಾಗ ಇಲ್ಲದ ಪದಕ್ಕೂ ಹೂಂ ಅಂತಾರೆ.

ಹೆಚ್ಚು ಕೆಡೋದು ಎಲ್ಲಿ ಅಂದರೆ, ಖಿನ್ನತೆ ಇರುವವರು ಮೊದಲ ಉಸಿರಿಗೇ "ಗೊತ್ತಿಲ್ಲ ಸಾರ್" ಅಂತಾರೆ, ನಾವು ಸೊನ್ನೆ ಬರೆದು ಮುಂದೆ ಹೋಗ್ತೀವಿ. ಹತ್ತು ಹದಿನೈದು ಸೆಕೆಂಡ್ ಕಾಯಿರಿ, "ನಿಧಾನ, ಇನ್ನೊಂದೆರಡು ಬರ್ತವೆ ನೋಡಿ" ಅನ್ನಿ. ಮಗ ಹೊರಗೆ ಕೂತಿರಲಿ. ಅಪ್ಪನಿಗೆ ತುಟಿಯಲ್ಲೇ ಹೇಳಿಕೊಡ್ತಾರೆ.

ಕಾಗುಣಿತ:
ಇಂಗ್ಲಿಷ್‌ನ ಎಫ್, ಎ, ಎಸ್ ಅಕ್ಷರ ಕೊಟ್ಟು ಪದ ಹೇಳಿಸೋದು ನಮಗೆ ಹೊಂದಲ್ಲ. 2004ರ ನಿಮ್ಹಾನ್ಸ್ ಬ್ಯಾಟರಿಯಲ್ಲಿ (ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷೆಗಳ ಕಟ್ಟಿನಲ್ಲಿ) ಕ, ಪ, ಮ ಇವೆ, ಒಂದೊಂದಕ್ಕೆ ಒಂದು ನಿಮಿಷ. ಕ ಅಂದರೆ ಕಿ, ಕು, ಕೊ ಎಲ್ಲ ಸೇರಿ ಅನ್ನೋದನ್ನ ಉದಾಹರಣೆ ಕೊಟ್ಟು ಹೇಳಿ, ಇಲ್ಲದಿದ್ದರೆ ಕಡಲೆ, ಕಬ್ಬು ಆದ ಮೇಲೆ ನಿಂತುಬಿಡ್ತಾರೆ. ವಿಭಕ್ತಿ ಸೇರಿಸಿ ಪದ ಬೆಳೆಸಿದರೆ ಅಂಕ ಇಲ್ಲ: ಮರ, ಮರದ, ಮರಗಳು ಒಂದೇ. ಆದರೆ ಹಾಗೆ ಸುತ್ತುತ್ತಿದ್ದಾರೆ ಅನ್ನೋದನ್ನ ಬರೆದಿಟ್ಟುಕೊಳ್ಳಿ.

ಇವರ ಮಟ್ಟಿಗೆ ಅಕ್ಷರಕ್ಕಿಂತ ಪ್ರಾಣಿಗಳ ಹೆಸರನ್ನೇ ನಂಬುವುದು ಒಳ್ಳೇದು. ಓದು ಕಮ್ಮಿ ಇದ್ದವರಿಗೆ ಪದದ ಅರ್ಥ ಮೊದಲು ಬರುತ್ತೆ, ಮೊದಲ ಸದ್ದನ್ನ ಬಿಡಿಸಿ ನೋಡುವ ರೂಢಿ ಇರಲ್ಲ. ಆಕಳು, ಎತ್ತು, ಹೋರಿ, ಕರು ಒಂದೇ ಉಸಿರಿಗೆ ಹೇಳ್ತಾರೆ. ಕೈಪಿಡಿ ಯಾವುದನ್ನ ಲೆಕ್ಕಕ್ಕೆ ತಗೊಳ್ಳುತ್ತೆ ಅಂತ ಮೊದಲೇ ಓದಿಕೊಳ್ಳಿ. 15 ಸೆಕೆಂಡಿಗೊಂದು ಗೆರೆ ಎಳೆಯಿರಿ, ಎಲ್ಲಿ ಬತ್ತಿತು ಅಂತ ಕಾಣುತ್ತೆ.

ಕೇಳಿಸಿದ ಅಂಕಿಗಳನ್ನ ವಾಪಸ್ ಹೇಳಿಸುವಾಗ ಫೋನ್ ನಂಬರ್ ಯಾವ ಭಾಷೆಯಲ್ಲಿ ಹೇಳ್ತಾರೆ ಕೇಳಿ. ಒಂಬತ್ತು, ನಾಲ್ಕು ಇವು ನೈನ್, ಫೋರ್‌ಗಿಂತ ಉದ್ದ, ಕನ್ನಡದಲ್ಲಿ ಒಂದು ಅಂಕಿ ಕಮ್ಮಿ ಬಂದರೆ ಗಾಬರಿ ಬೇಡ.

ಹೊಳೆದಂಡೆ:
ತುಂಬಾ ಉಪಯೋಗ ಆಯ್ತು. ಹೆಂಡತಿ ಹೋದ ಮೇಲೆ ಶುರುವಾಗಿದೆ ಅಂತ ಮಗ ಹೇಳೋದನ್ನ ದುಃಖ ಅಂತಲೇ ತಗೊಳ್ಳಲಾ?

ಮೆಮೊರಿಕ್ಲಿನಿಕ್:
ಎರಡೂ ಇರಬಹುದು. ಮಾತ್ರೆ, ಡೈರಿ ಲೆಕ್ಕ, ಯಾರಿಗೆ ಎಷ್ಟು ಕೊಡಬೇಕು ಅನ್ನೋದನ್ನೆಲ್ಲ ಆಕೆಯೇ ನೋಡ್ತಿದ್ದರೆ ಮರೆವು ಮೊದಲೇ ಇದ್ದು ಈಗ ಬಯಲಿಗೆ ಬಂದಿರಬಹುದು. ಆಕೆ ಇದ್ದಾಗಿನ ಮಾತನ್ನ ಸೊಸೆಯನ್ನೋ ಪಕ್ಕದ ಹೊಲದವರನ್ನೋ ಕೇಳಿ: ಮೋಟರ್ ಆಫ್ ಮಾಡೋದು ಮರೀತಿದ್ದರಾ, ಗೊಬ್ಬರ ಎರಡು ಸಲ ಹಾಕಿದ್ದು ಉಂಟಾ, ಸಂತೆಯಿಂದ ಬರುವಾಗ ದಾರಿ ತಪ್ಪಿದ್ದರಾ. ಕುಟುಂಬದವರನ್ನ ಕೇಳೋಕೆ ಈಸಿ (ಇಎಎಸ್ಐ) ಅನ್ನುವ ದಿನನಿತ್ಯದ ಕೆಲಸಗಳ ಮಾಪಕ ಇದೆ. ಖಿನ್ನತೆ ನೋಡೋಕೆ ಜಿಡಿಎಸ್-15ರ ಪ್ರಶ್ನೆಗಳನ್ನ ಓದಿ ಹೇಳಿ ಕೇಳಿ. ಖಿನ್ನತೆ ಕಂಡರೆ ಅದರ ಚಿಕಿತ್ಸೆ ನಡೆಯಲಿ, ಆರು ತಿಂಗಳ ಮೇಲೆ ಬೇರೆ ಪದಪಟ್ಟಿಯಿಂದ ಮತ್ತೆ ನೋಡಿ. ಅಲ್ಲಿವರೆಗೆ ವರದಿಯಲ್ಲಿ ಡಿಮೆನ್ಷಿಯಾ ಅಂತ ಬರೆಯಬೇಡಿ. ಓದು, ಭಾಷೆ, ಕಿವಿ, ಕನ್ನಡಕ, ಏನು ಬದಲಿಸಿ ಕೇಳಿದಿರಿ ಅನ್ನೋದನ್ನ ಮೊದಲ ಸಾಲಲ್ಲೇ ಹಾಕಿ. ಎಂಎಂಎಸ್ಇಯಲ್ಲಿ ಪ್ರಶ್ನೆ ಬದಲಿಸಿದ್ದರೆ ಅದನ್ನ "30ಕ್ಕೆ ಇಷ್ಟು" ಅಂತ ಬರೆಯೋ ಹಾಗಿಲ್ಲ.